ದಿನಾ ಮೆಗ್ನೀಷಿಯಂ ಮಾತ್ರೆ: ಓಡುವವರು, ಜಿಮ್‌ಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್ ಬ್ಯಾಗಿನಲ್ಲಿ ಮೊದಲು ಪ್ರೋಟೀನ್ ಡಬ್ಬಿ ಒಂದೇ ಇರುತ್ತಿತ್ತು. ಈಗ ಅದರ ಪಕ್ಕ ಮೆಗ್ನೀಷಿಯಂ ಡಬ್ಬಿಯೂ ಬಂದು ಕೂತಿದೆ. ಮೈಕೈ ನೋವಿಗೆ ಒಳ್ಳೇದು, ನಿದ್ದೆಗೆ ಒಳ್ಳೇದು, ಬಿಪಿಗೆ ಒಳ್ಳೇದು, ಟೆನ್ಷನ್‌ಗೂ ಒಳ್ಳೇದು ಅಂತ ಹೇಳುವವರಿಗೆ ಕೊರತೆ ಇಲ್ಲ. ಇದರಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಬರೀ ವ್ಯಾಪಾರ. ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ್ದು ಇಲ್ಲಿದೆ. ಕಿಡ್ನಿ ತೊಂದರೆ ಇದ್ದವರು, ದಿನಾ ಬೇರೆ ಮಾತ್ರೆ ತೆಗೆದುಕೊಳ್ಳುವವರು ಉಳಿದಿದ್ದನ್ನು ಆಮೇಲೆ ಓದಿ, ಮೊದಲು ಕೆಳಗಿನ ‘ಬೇರೆ ಮಾತ್ರೆಗಳ ಜೊತೆ ತಗೋಬಹುದಾ?’, ‘ಯಾರು ಮುಟ್ಟಲೇಬಾರದು?’ ಅನ್ನುವ ಎರಡು ಪ್ರಶ್ನೆಗಳಿಗೆ ಹೋಗಿ.

ಮೆಗ್ನೀಷಿಯಂ ನಮ್ಮ ಮೈಯಲ್ಲಿ ಏನು ಮಾಡುತ್ತದೆ?

ದೊಡ್ಡವರ ದೇಹದಲ್ಲಿ ಒಟ್ಟು 25 ಗ್ರಾಂನಷ್ಟು ಮೆಗ್ನೀಷಿಯಂ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಮೂಳೆಯಲ್ಲಿ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸ್ನಾಯು ಮತ್ತು ಬೇರೆ ಅಂಗಗಳ ಒಳಗೆ. ರಕ್ತದಲ್ಲಿ ಓಡಾಡುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ರಕ್ತ ಪರೀಕ್ಷೆಯ ವಿಷಯ ಬಂದಾಗ ಬೇಕಾಗುತ್ತದೆ.

ಜೀವಕೋಶಗಳು ಶಕ್ತಿಗೆ ಬಳಸುವ ಎಟಿಪಿ ಅನ್ನೋ ವಸ್ತು ಮೆಗ್ನೀಷಿಯಂ ಜೊತೆ ಸೇರಿದಾಗಲೇ ಸರಿಯಾಗಿ ಕೆಲಸಕ್ಕೆ ಬರುವುದು. ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಬೇಕು, ಸಡಿಲವಾಗಲು ಮೆಗ್ನೀಷಿಯಂ ನೆರವಾಗುತ್ತದೆ. ಹೃದಯದ ಬಡಿತ, ನರಗಳ ಸಂದೇಶ, ವಿಟಮಿನ್ ಡಿ ಚುರುಕಾಗುವುದು ಎಲ್ಲದರಲ್ಲೂ ಇದರ ಕೈ ಇದೆ. ಮುನ್ನೂರಕ್ಕೂ ಹೆಚ್ಚು ಕಿಣ್ವಗಳಿಗೆ ಇದು ಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದಲ್ಲ, ಅದು ನಿಜವೇ. ಆದರೆ ಅಷ್ಟು ಕೆಲಸಕ್ಕೆ ಬೇಕು ಅಂದಮಾತ್ರಕ್ಕೆ ಜಾಸ್ತಿ ತಿಂದರೆ ಅಷ್ಟೂ ಕೆಲಸ ಚುರುಕಾಗುತ್ತದೆ ಅಂತಲ್ಲ. ಕೊರತೆ ಇದ್ದವರಿಗೆ ತುಂಬಿಸಿದರೆ ಲಾಭ. ಸಾಕಷ್ಟು ಇದ್ದವರಲ್ಲಿ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ದಿನಕ್ಕೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಗಂಡಸರಿಗೆ 440 ಮಿ.ಗ್ರಾಂ, ಹೆಂಗಸರಿಗೆ 370 ಮಿ.ಗ್ರಾಂ. ಅಮೆರಿಕದ ಲೆಕ್ಕ ಇದಕ್ಕಿಂತ ಸ್ವಲ್ಪ ಕಡಿಮೆ: ವಯಸ್ಕ ಗಂಡಸರಿಗೆ 400ರಿಂದ 420, ಹೆಂಗಸರಿಗೆ 310ರಿಂದ 320. ಇದು ಊಟ, ನೀರು, ಮಾತ್ರೆ ಎಲ್ಲಾ ಸೇರಿ. ಮಾತ್ರೆಯಿಂದಲೇ ಇಷ್ಟೂ ಬರಬೇಕು ಅಂತ ತುಂಬಾ ಜನ ತಪ್ಪು ತಿಳಿಯುತ್ತಾರೆ.

ನಮ್ಮ ಮನೆ ಊಟದಲ್ಲಿ ಅಷ್ಟು ಸಿಗುತ್ತಾ?

ಯಾವ ಮನೆ, ಯಾವ ಊಟ ಅನ್ನೋದರ ಮೇಲೆ ಹೋಗುತ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ 100 ಗ್ರಾಂನಲ್ಲಿ ಇರುವುದು ಸುಮಾರು 20 ಮಿ.ಗ್ರಾಂ. ಅಷ್ಟೇ ತೂಕದ ರಾಗಿಯಲ್ಲಿ 140ರ ಆಸುಪಾಸು. ಜೋಳ, ಸಜ್ಜೆ, ಗೋಧಿ ಹಿಟ್ಟು ಎಲ್ಲಾ 120ರಿಂದ 135ರ ಮಧ್ಯೆ. ಧಾನ್ಯದ ಮೆಗ್ನೀಷಿಯಂ ಇರುವುದೇ ತೌಡು ಮತ್ತು ಮೊಳಕೆಯ ಭಾಗದಲ್ಲಿ. ಗಿರಣಿಯಲ್ಲಿ ಅಕ್ಕಿ ಬೆಳ್ಳಗಾಗುವಾಗ ಅದು ದನದ ಮೇವಿಗೆ ಹೋಗುತ್ತದೆ.

ಒಂದು ದಿನದ ಊಟ ನೋಡೋಣ. ಬೆಳಗ್ಗೆ ಇಡ್ಲಿ-ಚಟ್ನಿ, ಮಧ್ಯಾಹ್ನ ಅನ್ನ-ಸಾರು-ಮೊಸರು, ಸಂಜೆ ಕಾಫಿ ಜೊತೆ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಸಾರಿನಲ್ಲಿ ಬೇಳೆಗಿಂತ ನೀರೇ ಜಾಸ್ತಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ವಾರದ ದಿನಗಳ ಊಟ ಇದೇ ಅಲ್ವಾ? ಇದರಲ್ಲಿ 400 ಮುಟ್ಟುವುದು ಕಷ್ಟ.

ಅದೇ ಊಟದಲ್ಲಿ ಒಂದು ಹೊತ್ತು ಮುದ್ದೆ ಬರಲಿ. ಹದವಾದ ಗಾತ್ರದ ಮುದ್ದೆಗೆ 75ರಿಂದ 100 ಗ್ರಾಂ ಹಿಟ್ಟು ಹಿಡಿಯುತ್ತದೆ, ಅಂದರೆ 100ರಿಂದ 140 ಮಿ.ಗ್ರಾಂ ಅಲ್ಲೇ ಬಂತು. ಮುದ್ದೆಗೆ ಹುರುಳಿಕಾಳು ಅಥವಾ ಹೆಸರುಕಾಳಿನ ಸಾರು, ಪಕ್ಕದಲ್ಲಿ ದಂಟಿನ ಸೊಪ್ಪಿನ ಪಲ್ಯ. ಕಾಳುಗಳಲ್ಲಿ 100 ಗ್ರಾಂಗೆ 150ರಿಂದ 200 ಮಿ.ಗ್ರಾಂ ಇರುತ್ತದೆ. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಕಡಲೆಬೀಜ ತಿಂದರೆ ಇನ್ನೊಂದು 50ರಿಂದ 60. ಉತ್ತರ ಕರ್ನಾಟಕದ ಕಡೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳು ಪಲ್ಯ ದಿನಾ ತಿನ್ನುವವರು ಈ ಲೆಕ್ಕದಲ್ಲಿ ಆಗಲೇ ಮುಂದಿದ್ದಾರೆ.

ಇನ್ನು ಸಿಹಿಗುಂಬಳದ ಬೀಜ. 30 ಗ್ರಾಂನಲ್ಲಿ ಸುಮಾರು 160 ಮಿ.ಗ್ರಾಂ! ಬಾದಾಮಿಯಲ್ಲಿ ಅದರ ಅರ್ಧ. ಅಂಗಡಿಯಲ್ಲಿ ಈ ಬೀಜ ಸ್ವಲ್ಪ ದುಬಾರಿ. ಆದರೆ ಕುಂಬಳಕಾಯಿ ಹೆಚ್ಚುವಾಗ ನಾವೇ ಅದನ್ನು ತೆಗೆದು ಬಿಸಾಡುತ್ತೇವೆ. ತೊಳೆದು ಒಣಗಿಸಿ ಹುರಿದಿಟ್ಟರೆ ಆಯಿತು.

ಬಾಳೆಹಣ್ಣು, ಎಳನೀರು?

ಒಂದು ಸಾಧಾರಣ ಗಾತ್ರದ ಬಾಳೆಹಣ್ಣಿನಲ್ಲಿ 30 ಮಿ.ಗ್ರಾಂ ಇದ್ದೀತು. ಎಳನೀರಿನಲ್ಲಿ ಇನ್ನಷ್ಟು ಇರುತ್ತದೆ. ಎರಡರಲ್ಲೂ ನಿಜವಾದ ಸಂಪತ್ತು ಪೊಟ್ಯಾಸಿಯಂ. ಓಡಿ ಬಂದ ಮೇಲೆ ಕುಡಿಯಿರಿ, ಚೆನ್ನಾಗಿರುತ್ತದೆ. ಮೆಗ್ನೀಷಿಯಂಗೆ ಅದನ್ನೇ ನಂಬಬೇಡಿ.

ರಾಗಿಯಲ್ಲಿ ಫೈಟಿಕ್ ಆಮ್ಲ ಇದೆ, ಮೈಗೆ ಹತ್ತೋದೇ ಇಲ್ಲ ಅಂತಾರಲ್ಲ?

ಧಾನ್ಯ, ಕಾಳುಗಳಲ್ಲಿರುವ ಫೈಟಿಕ್ ಆಮ್ಲ ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಹಾಗಂತ ಏನೂ ಸಿಗುವುದಿಲ್ಲ ಅಂತಲ್ಲ. ಊಟದಲ್ಲಿರುವ ಮೆಗ್ನೀಷಿಯಂನಲ್ಲಿ ದೇಹ ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ಭಾಗ ಹೀರಿಕೊಳ್ಳುತ್ತದೆ. ದಿನಕ್ಕೆ ಎಷ್ಟು ಬೇಕು ಅನ್ನುವ ಲೆಕ್ಕ ಹಾಕುವಾಗಲೇ ಇದನ್ನು ಗಮನದಲ್ಲಿ ಇಟ್ಟುಕೊಂಡಿರುತ್ತಾರೆ. ನೆನೆಸುವುದು, ಮೊಳಕೆ ಕಟ್ಟುವುದು, ಹುದುಗು ಬರಿಸುವುದು ಈ ಆಮ್ಲವನ್ನು ಕಡಿಮೆ ಮಾಡುತ್ತವೆ. ಮೊಳಕೆ ರಾಗಿಯ ಹುರಿಹಿಟ್ಟು, ಮೊಳಕೆ ಹುರುಳಿ ಸಾರು, ರಾಗಿ ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುವುದು ಎಲ್ಲಾ ನಮ್ಮಲ್ಲಿ ಮೊದಲಿಂದಲೂ ಇರುವುದೇ. ಇದಕ್ಕಾಗಿ ಹೊಸದೇನೂ ಕಲಿಯಬೇಕಿಲ್ಲ.

ಆರ್‌ಒ ನೀರು ಕುಡಿಯುವುದರಿಂದ ಕೊರತೆ ಆಗುತ್ತಾ?

ಬೋರ್‌ವೆಲ್ ನೀರು ಗಡುಸಾಗಲು ಕಾರಣ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 30 ಮಿ.ಗ್ರಾಂ ಮೆಗ್ನೀಷಿಯಂ, ಬೇರೆ ನೀರು ಸಿಗದ ಕಡೆ 100ರವರೆಗೂ ಒಪ್ಪುತ್ತದೆ. ಆರ್‌ಒ ಯಂತ್ರ ಇದರ ಬಹುಪಾಲು ತೆಗೆದುಬಿಡುತ್ತದೆ. ದಿನಕ್ಕೆ ಮೂರು ಲೀಟರ್ ಗಡುಸು ನೀರು ಕುಡಿಯುತ್ತಿದ್ದವರಿಗೆ ಇದು ಸಣ್ಣ ನಷ್ಟವೇನಲ್ಲ. ಆದರೆ ಇದೊಂದರಿಂದಲೇ ಕೊರತೆ ಬರುವುದಿಲ್ಲ. ಊಟ ಸರಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಫ್ಲೋರೈಡ್ ಇರುವ ಊರುಗಳಲ್ಲಿ ಮೆಗ್ನೀಷಿಯಂ ಆಸೆಗೆ ಶುದ್ಧೀಕರಣ ಬಿಡುವುದಂತೂ ಬೇಡವೇ ಬೇಡ.

ವ್ಯಾಯಾಮ ಮಾಡಿದ ಮೇಲಿನ ಮೈನೋವು ಕಡಿಮೆ ಆಗುತ್ತಾ?

ಎಲ್ಲರೂ ಮುಖ್ಯವಾಗಿ ಕೇಳುವುದು ಇದನ್ನೇ.

ಮೊದಲು ಆ ನೋವು ಏನು ಅಂತ ನೋಡೋಣ. ಸೋಮವಾರ ಸ್ಕ್ವಾಟ್ಸ್ ಹೊಡೆದರೆ ಬುಧವಾರ ಮೆಟ್ಟಿಲು ಇಳಿಯುವಾಗ ತೊಡೆ ಕೂಗುತ್ತದೆ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಅಂತ ಜಿಮ್ಮಿನಲ್ಲಿ ಹೇಳುತ್ತಾರೆ. ಅದು ಹಳೇ ಕಥೆ. ಲ್ಯಾಕ್ಟಿಕ್ ಆಸಿಡ್ ವ್ಯಾಯಾಮ ಮುಗಿದು ಒಂದು ಗಂಟೆಯ ಹೊತ್ತಿಗೆಲ್ಲಾ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಈ ನೋವು ಏಳುವುದು ಒಂದು ದಿನದ ನಂತರ, ಜೋರಾಗಿ ಇರುವುದು ಎರಡು-ಮೂರನೇ ದಿನದವರೆಗೆ. ಅಭ್ಯಾಸ ಇಲ್ಲದ ಕೆಲಸ ಮಾಡಿದಾಗ, ಅದರಲ್ಲೂ ಭಾರ ಇಳಿಸುವಾಗ ಅಥವಾ ಇಳಿಜಾರಿನಲ್ಲಿ ಓಡುವಾಗ, ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ದೇಹ ಅದನ್ನು ರಿಪೇರಿ ಮಾಡುತ್ತಿರುವಾಗ ಬರುವ ನೋವು ಇದು. ನಂದಿ ಬೆಟ್ಟ ಓಡಿ ಹತ್ತಿದ್ದಕ್ಕಿಂತ ಓಡಿ ಇಳಿದದ್ದೇ ಮರುದಿನ ಕಾಡುವುದು ಇದಕ್ಕೇ.

ಇಲ್ಲಿ ಮೆಗ್ನೀಷಿಯಂ ಏನು ಮಾಡುತ್ತದೆ? ಕೆಲವು ಸಣ್ಣ ಪ್ರಯೋಗಗಳಲ್ಲಿ ನೋವು ಸ್ವಲ್ಪ ಕಡಿಮೆಯಾಗಿದೆ. ಕೆಲವದರಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. ಎಲ್ಲದರಲ್ಲೂ ಭಾಗವಹಿಸಿದ ಜನ ಕಡಿಮೆ, ಕೊಟ್ಟ ಪ್ರಮಾಣ ಬೇರೆ ಬೇರೆ. ಮೊದಲೇ ಕೊರತೆ ಇದ್ದವರಿಗೆ ಲಾಭ ಆಗುವ ಸಾಧ್ಯತೆ ಹೆಚ್ಚು ಅನ್ನುವುದಷ್ಟೇ ಒಪ್ಪಬಹುದಾದ ಮಾತು. ಚೆನ್ನಾಗಿ ಉಂಡು ಓಡಾಡಿಕೊಂಡಿರುವವರಿಗೆ ಮಾತ್ರೆಯಿಂದ ತಾಕತ್ತು ಜಾಸ್ತಿಯಾಗುತ್ತದೆ, ವೇಗ ಹೆಚ್ಚುತ್ತದೆ ಅಂತ ಹೇಳಲು ಗಟ್ಟಿ ಆಧಾರ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗುವವರು, ಪ್ರೋಟೀನ್ ಸರಿಯಾಗಿ ತಿನ್ನದವರು, ವಾರದಲ್ಲಿ ಒಂದು ದಿನವೂ ರಜಾ ಕೊಡದೆ ಓಡುವವರು ಮೊದಲು ಆ ಮೂರನ್ನು ಸರಿ ಮಾಡಿಕೊಳ್ಳಲಿ. ಅದರ ಮುಂದೆ ಮಾತ್ರೆಯ ಪಾಲು ತೀರಾ ಸಣ್ಣದು.

ಒಂದು ಎಚ್ಚರಿಕೆ. ವಿಪರೀತ ವ್ಯಾಯಾಮ ಮಾಡಿದ ಮೇಲೆ ಸ್ನಾಯು ಊದಿಕೊಂಡು, ಸಹಿಸಲಾಗದ ನೋವು ಬಂದು, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಮಾಮೂಲಿ ಮೈನೋವಲ್ಲ. ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿರಬಹುದು. ಮೆಗ್ನೀಷಿಯಂ ನುಂಗಿ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಬೆವರಿನಲ್ಲಿ ತುಂಬಾ ಹೋಗಿಬಿಡುತ್ತದೆ ಅಂತಾರೆ, ಹೌದಾ?

ಒಂದು ಲೀಟರ್ ಬೆವರಿನಲ್ಲಿ ಹೋಗುವ ಮೆಗ್ನೀಷಿಯಂ ಕೆಲವೇ ಮಿಲಿಗ್ರಾಂ. ಸೋಡಿಯಂ ಮಾತ್ರ ನೂರಾರು ಮಿಲಿಗ್ರಾಂ, ಕೆಲವರಲ್ಲಿ ಒಂದು ಗ್ರಾಂ ದಾಟುತ್ತದೆ. ಓಡಿದ ಮೇಲೆ ಟೀ-ಶರ್ಟಿನ ಮೇಲೆ ಬಿಳಿ ಗೆರೆ ಕಾಣುತ್ತದಲ್ಲ, ಅದು ಉಪ್ಪು. ಶ್ರೀರಂಗಪಟ್ಟಣದ ಕಾವೇರಿ ನಾಲೆ ಪಕ್ಕ ಬಿಸಿಲೇರಿದ ಮೇಲೂ ಓಡುತ್ತಿರುವವರಿಗೆ ಬೇಕಾದದ್ದು ನೀರು ಮತ್ತು ಉಪ್ಪು. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಅದಕ್ಕೆ ಸರಿ. ಅಂದ ಹಾಗೆ ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಸೂತ್ರದಲ್ಲಿ ಮೆಗ್ನೀಷಿಯಂ ಇಲ್ಲವೇ ಇಲ್ಲ.

ಕಾಲು ಹಿಡಿದುಕೊಳ್ಳುವುದಕ್ಕೆ ಇದೇ ಮದ್ದು ಅಲ್ವಾ?

ಮೀನಖಂಡ ಹಿಡಿದುಕೊಂಡಿತು ಅಂದ ಕೂಡಲೇ ಮೆಗ್ನೀಷಿಯಂ ಕಡಿಮೆ ಇದೆ ಅನ್ನುವುದು ರೂಢಿಯಾಗಿಬಿಟ್ಟಿದೆ. ಆದರೆ ಇದರ ಮೇಲಿನ ಪ್ರಯೋಗಗಳನ್ನೆಲ್ಲಾ ಒಟ್ಟು ಮಾಡಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಪರಿಶೀಲಿಸಿದಾಗ, ವಯಸ್ಸಾದವರ ಕಾಲು ಸೆಳೆತ ಮಾತ್ರೆಯಿಂದ ಹೇಳಿಕೊಳ್ಳುವಷ್ಟು ಕಡಿಮೆಯಾಗುವ ಸಾಧ್ಯತೆ ಕಡಿಮೆ ಅಂತ ಕಂಡಿತು. ಬಸುರಿಯರ ವಿಷಯದಲ್ಲಿ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ. ವ್ಯಾಯಾಮದ ವೇಳೆ ಬರುವ ಸೆಳೆತದ ಬಗ್ಗೆ ಸರಿಯಾದ ಪ್ರಯೋಗ ಒಂದೂ ಆ ಪರಿಶೀಲನೆಗೆ ಸಿಗಲಿಲ್ಲ. ಓಟಗಾರರಿಗೆ ಇದನ್ನು ಇಷ್ಟು ಧೈರ್ಯವಾಗಿ ಮಾರುತ್ತಿದ್ದಾರಲ್ಲ ಅಂತ ನನಗೆ ಆಶ್ಚರ್ಯ.

ಓಡುವಾಗ ಬರುವ ಸೆಳೆತಕ್ಕೆ ಹೆಚ್ಚಾಗಿ ಸ್ನಾಯುವಿನ ದಣಿವೇ ಕಾರಣ. ಅಭ್ಯಾಸದಲ್ಲಿ ಓಡದ ವೇಗದಲ್ಲಿ ರೇಸಿನ ದಿನ ಓಡಿದರೆ ಕೊನೆಯ ಕಿಲೋಮೀಟರುಗಳಲ್ಲಿ ಕಾಲು ಕೈಕೊಡುತ್ತದೆ. ಆಗ ಕೂತು ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಆ ಕ್ಷಣಕ್ಕೆ ಕೆಲಸ ಮಾಡುವುದು ಅದೇ.

ಜಿಮ್ಮಿನಲ್ಲಿ ಜೆಡ್‌ಎಂಎ ತಗೋ ಅಂತಾರೆ. ಅದೇನು?

ಜಿಂಕ್, ಮೆಗ್ನೀಷಿಯಂ, ವಿಟಮಿನ್ ಬಿ6 ಸೇರಿಸಿದ ಮಾತ್ರೆ. ಟೆಸ್ಟೋಸ್ಟೆರಾನ್ ಏರುತ್ತದೆ, ಮಸಲ್ ಬರುತ್ತದೆ ಅಂತ ಮಾರುತ್ತಾರೆ. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಹೆಸರು ತಂದಿತು. ಅದರ ಇಬ್ಬರು ಲೇಖಕರಲ್ಲಿ ಒಬ್ಬ ವಿಕ್ಟರ್ ಕಾಂಟಿ, ಅಂದರೆ ಈ ಸರಕನ್ನು ಮಾರುಕಟ್ಟೆಗೆ ತಂದವನೇ. ಅದೇ ಕಾಂಟಿ ನಡೆಸುತ್ತಿದ್ದ ಬ್ಯಾಲ್ಕೋ ಸಂಸ್ಥೆ 2003ರಲ್ಲಿ ದೊಡ್ಡ ದೊಡ್ಡ ಕ್ರೀಡಾಪಟುಗಳಿಗೆ ಸ್ಟೀರಾಯ್ಡ್ ಕೊಟ್ಟ ಹಗರಣದಲ್ಲಿ ಸಿಕ್ಕಿಬಿತ್ತು, 2005ರಲ್ಲಿ ಅವನು ತಪ್ಪು ಒಪ್ಪಿಕೊಂಡು ಜೈಲಿಗೂ ಹೋದ. 2004ರಲ್ಲಿ ಬೇರೆ ಸಂಶೋಧಕರು ಭಾರ ಎತ್ತಿ ಅಭ್ಯಾಸವಿದ್ದ ಗಂಡಸರಿಗೆ 8 ವಾರ ಇದೇ ಮಾತ್ರೆ ಕೊಟ್ಟು ನೋಡಿದರು. ಟೆಸ್ಟೋಸ್ಟೆರಾನ್ ಏರಲಿಲ್ಲ, ತಾಕತ್ತೂ ಹೆಚ್ಚಲಿಲ್ಲ. ಆ ದುಡ್ಡಿಗೆ ಮೊಟ್ಟೆ ತಿನ್ನಿ.

ನಿದ್ದೆ ಚೆನ್ನಾಗಿ ಬರುತ್ತಾ?

ಕೆಲವರಿಗೆ ಸ್ವಲ್ಪ ನೆರವಾಗಬಹುದು. ನಿದ್ದೆ ಬಾರದ ಹಿರಿಯರ ಮೇಲೆ ನಡೆದ ಮೂರು ಸಣ್ಣ ಪ್ರಯೋಗಗಳನ್ನು 2021ರಲ್ಲಿ ಒಟ್ಟಿಗೆ ನೋಡಿದಾಗ, ಮಾತ್ರೆ ತೆಗೆದುಕೊಂಡವರಿಗೆ ಸುಮಾರು 17 ನಿಮಿಷ ಬೇಗ ನಿದ್ದೆ ಹತ್ತಿತ್ತು. ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ ಅಂತ ಬರೆದವರೇ ಹೇಳಿದ್ದಾರೆ. ರಾತ್ರಿ ಒಂಬತ್ತಕ್ಕೆ ಕಾಫಿ ಕುಡಿದು, ಹನ್ನೆರಡರವರೆಗೆ ಮೊಬೈಲ್ ತಿಕ್ಕಿ, ಮೆಗ್ನೀಷಿಯಂ ಕೆಲಸ ಮಾಡಲಿಲ್ಲ ಅಂದರೆ ಮಾತ್ರೆಯದೇನು ತಪ್ಪು?

ಬಿಪಿ, ಮೈಗ್ರೇನ್?

ಬಿಪಿ ಇಳಿಯುತ್ತದೆ, ಆದರೆ ತುಂಬಾ ಕಮ್ಮಿ. 34 ಪ್ರಯೋಗಗಳನ್ನು ಸೇರಿಸಿ 2016ರಲ್ಲಿ ಲೆಕ್ಕ ಹಾಕಿದಾಗ ಮೇಲಿನ ಅಂಕಿ ಸರಾಸರಿ 2 ಅಷ್ಟು ಇಳಿದಿತ್ತು. 150 ಇರುವವರಿಗೆ 148 ಆದರೆ ಬಿಪಿ ಮಾತ್ರೆ ಬಿಡುವ ಹಾಗಿಲ್ಲ ಅಲ್ವಾ? ಮೈಗ್ರೇನ್ ತಡೆಯಲು ಮಾತ್ರ ನರರೋಗ ವೈದ್ಯರು ಇದನ್ನು ನಿಜವಾಗಿಯೂ ಬರೆದುಕೊಡುತ್ತಾರೆ. ಅಲ್ಲಿನ ಪ್ರಮಾಣ ಜಾಸ್ತಿ ಇರುತ್ತದೆ, ಹಾಗಾಗಿ ಅದು ಡಾಕ್ಟರ್ ಕೈಯಲ್ಲೇ ಇರಲಿ.

ಸಿಟ್ರೇಟ್, ಗ್ಲೈಸಿನೇಟ್, ಆಕ್ಸೈಡ್… ಯಾವುದು ತಗೊಳ್ಳಲಿ?

ಮೆಗ್ನೀಷಿಯಂ ಒಂಟಿಯಾಗಿ ಮಾತ್ರೆಯಲ್ಲಿ ಇರುವುದಿಲ್ಲ, ಇನ್ನೊಂದರ ಜೊತೆ ಸೇರಿಕೊಂಡಿರುತ್ತದೆ. ಆ ಜೊತೆಗಾರ ಯಾರು ಅನ್ನುವುದರ ಮೇಲೆ ಎಷ್ಟು ಮೈಗೆ ಹತ್ತುತ್ತದೆ, ಹೊಟ್ಟೆ ಎಷ್ಟು ಕೆಡುತ್ತದೆ ಅನ್ನುವುದು ನಿಲ್ಲುತ್ತದೆ.

ಆಕ್ಸೈಡ್ ಅಗ್ಗ. ತೂಕದಲ್ಲಿ ನೂರಕ್ಕೆ 60 ಭಾಗ ಮೆಗ್ನೀಷಿಯಂ, ಅದಕ್ಕೇ ಚಿಕ್ಕ ಮಾತ್ರೆಯಲ್ಲಿ ದೊಡ್ಡ ಅಂಕಿ ತೋರಿಸಬಹುದು. ಆದರೆ ಸರಿಯಾಗಿ ಕರಗುವುದಿಲ್ಲ, ಹೆಚ್ಚಿನದು ಹಾಗೇ ಹೊರಗೆ ಹೋಗುತ್ತದೆ. ಸಿಟ್ರೇಟ್‌ನಲ್ಲಿ ಸುಮಾರು 16 ಭಾಗ. ಚೆನ್ನಾಗಿ ಹೀರಿಕೊಳ್ಳುತ್ತದೆ, ಸ್ವಲ್ಪ ಭೇದಿಯ ಗುಣ ಇದೆ, ಮಲಬದ್ಧತೆ ಇರುವವರಿಗೆ ಅದೂ ಲಾಭವೇ. ಗ್ಲೈಸಿನೇಟ್ ಅಥವಾ ಬಿಸ್‌ಗ್ಲೈಸಿನೇಟ್‌ನಲ್ಲಿ 14 ಭಾಗ. ಹೊಟ್ಟೆಗೆ ಹಗುರ, ಬೆಲೆ ಜಾಸ್ತಿ. ಮೆದುಳಿಗೆ ಅಂತ ಮಾರುವ ಥ್ರಿಯೋನೇಟ್‌ನಲ್ಲಿ ಬರೀ 8 ಭಾಗ, ಬೆಲೆ ಎಲ್ಲಕ್ಕಿಂತ ಮೇಲೆ. ಮೈನೋವಿಗೆ ಅದನ್ನು ಕೊಳ್ಳುವುದು ಸುಮ್ನೆ ದುಡ್ಡು ದಂಡ.

ನನ್ನನ್ನು ಕೇಳಿದರೆ ಸಿಟ್ರೇಟ್‌ನಿಂದ ಶುರು ಮಾಡಿ, ಹೊಟ್ಟೆ ಒಪ್ಪದಿದ್ದರೆ ಗ್ಲೈಸಿನೇಟ್‌ಗೆ ಹೋಗಿ ಅನ್ನುತ್ತೇನೆ.

ಡಬ್ಬಿಯ ಮೇಲೆ 2000 ಮಿ.ಗ್ರಾಂ ಅಂತಿದೆ, ಅದು ಜಾಸ್ತಿ ಆಗಲ್ವಾ?

ಅದು ಇಡೀ ಸಂಯುಕ್ತದ ತೂಕ. ಡಬ್ಬಿಯನ್ನು ತಿರುಗಿಸಿ ಹಿಂದಿನ ಚಿಕ್ಕ ಅಕ್ಷರ ಓದಿ. ಮುಂದೆ ದಪ್ಪ ಅಕ್ಷರದಲ್ಲಿ ಮೆಗ್ನೀಷಿಯಂ ಬಿಸ್‌ಗ್ಲೈಸಿನೇಟ್ 2000 ಮಿ.ಗ್ರಾಂ ಅಂತ ಇದ್ದರೆ, ಹಿಂದೆ ಎಲಿಮೆಂಟಲ್ ಮೆಗ್ನೀಷಿಯಂ, ಅಂದರೆ ಜೊತೆಗಾರನ ತೂಕ ಬಿಟ್ಟು ಬರೀ ಮೆಗ್ನೀಷಿಯಂ, 280 ಮಿ.ಗ್ರಾಂ ಆಸುಪಾಸು ಇರಬೇಕು. ನಮಗೆ ಬೇಕಾದ ಅಂಕಿ ಅದೊಂದೇ. ಅದು ಒಂದು ಮಾತ್ರೆಗಾ, ಎರಡಕ್ಕಾ ಅಂತಲೂ ನೋಡಿ. ‘ಪರ್ ಸರ್ವಿಂಗ್’ ಅಂತ ಬರೆದು, ಒಂದು ಸರ್ವಿಂಗ್ ಅಂದರೆ ಎರಡು ಮಾತ್ರೆ ಅಂತ ಇನ್ನೊಂದು ಮೂಲೆಯಲ್ಲಿ ಬರೆದಿರುತ್ತಾರೆ. ಅರವತ್ತು ಮಾತ್ರೆಯ ಡಬ್ಬಿ ಎರಡು ತಿಂಗಳು ಬರುತ್ತದೆ ಅಂದುಕೊಂಡಿದ್ದು ಒಂದೇ ತಿಂಗಳಿಗೆ ಖಾಲಿ.

2000 ಮಿ.ಗ್ರಾಂ ಬಿಸ್‌ಗ್ಲೈಸಿನೇಟ್‌ನಿಂದ 400 ಬರುತ್ತದೆ ಅಂತ ಬರೆದಿದ್ದರೆ ಲೆಕ್ಕ ಕೂಡುವುದಿಲ್ಲ. ಒಳಗೆ ಆಕ್ಸೈಡ್ ಬೆರೆಸಿರಬಹುದು. ‘ಬಫರ್ಡ್’ ಅನ್ನುವ ಪದ ಇದ್ದರೆ ಸಾಮಾನ್ಯವಾಗಿ ಅರ್ಥ ಅದೇ. ಎಲಿಮೆಂಟಲ್ ಎಷ್ಟು ಅಂತ ಎಲ್ಲೂ ಬರೆಯದ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯ 14 ಅಂಕಿಯ ಸಂಖ್ಯೆ ಇದೆಯಾ ಅಂತಲೂ ನೋಡಿ.

ದಿನಕ್ಕೆ ಎಷ್ಟು, ಯಾವ ಹೊತ್ತಿಗೆ?

ಆರೋಗ್ಯವಾಗಿರುವ ದೊಡ್ಡವರು ಎಲಿಮೆಂಟಲ್ ಲೆಕ್ಕದಲ್ಲಿ 100ರಿಂದ 200 ಮಿ.ಗ್ರಾಂ ತೆಗೆದುಕೊಂಡರೆ ಧಾರಾಳ ಸಾಕು. ಊಟದಲ್ಲಿ ಬರುವುದು ಹೇಗೂ ಇದೆ. ಮಾತ್ರೆಯಿಂದ ಬರುವುದಕ್ಕೆ ಅಮೆರಿಕದಲ್ಲಿ ಇಟ್ಟ ಮೇಲ್ಮಿತಿ ದಿನಕ್ಕೆ 350, ಯುರೋಪಿನಲ್ಲಿ 250. ಸೊಪ್ಪು, ಕಾಳು, ರಾಗಿಯಿಂದ ಬರುವುದಕ್ಕೆ ಈ ಮಿತಿ ಇಲ್ಲ.

ಹೊತ್ತು ಯಾವುದಾದರೂ ಆದೀತು. ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಂಡರೆ ಹೊಟ್ಟೆಗೆ ಹಗುರ. ನಮ್ಮಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯ ಜಾಗವನ್ನು ಥೈರಾಯ್ಡ್ ಮಾತ್ರೆ, ಗ್ಯಾಸ್ ಮಾತ್ರೆ ಹಿಡಿದುಬಿಟ್ಟಿರುತ್ತವೆ. ಅದಕ್ಕೇ ರಾತ್ರಿ ಊಟದ ನಂತರ ಅನುಕೂಲ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ವಿಶೇಷ ಲಾಭ ಇಲ್ಲ, ಓಟದ ಮಧ್ಯೆ ಶೌಚಾಲಯ ಹುಡುಕುವ ಪಾಡು ಬರಬಹುದು.

ಭೇದಿ ಆಗುತ್ತಿದೆ, ಏನು ಮಾಡಲಿ?

ಹೀರಿಕೊಳ್ಳದೆ ಉಳಿದ ಮೆಗ್ನೀಷಿಯಂ ಕರುಳಿಗೆ ನೀರು ಎಳೆಯುತ್ತದೆ. ಮಿಲ್ಕ್ ಆಫ್ ಮೆಗ್ನೀಷಿಯಾವನ್ನು ಮಲಬದ್ಧತೆಗೆ ಕೊಡುವುದು ಇದೇ ಗುಣಕ್ಕೆ. ಪ್ರಮಾಣ ಅರ್ಧ ಮಾಡಿ, ಎರಡು ಹೊತ್ತಿಗೆ ಹಂಚಿ, ಇಲ್ಲ ರೂಪ ಬದಲಿಸಿ. ಆದರೂ ನಿಲ್ಲದಿದ್ದರೆ ಬಿಟ್ಟುಬಿಡಿ. ಭೇದಿಯಿಂದಲೇ ಮೆಗ್ನೀಷಿಯಂ ಹೊರಗೆ ಹೋಗುತ್ತದೆ, ಆಮೇಲೆ ತಗೊಂಡೂ ಏನು ಬಂತು?

ಬೇರೆ ಮಾತ್ರೆಗಳ ಜೊತೆ ತಗೋಬಹುದಾ?

ಇದನ್ನು ಪೂರ್ತಿ ಓದಿ.

ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಮಾತ್ರೆಗೂ ಮೆಗ್ನೀಷಿಯಂಗೂ ಕನಿಷ್ಠ 4 ಗಂಟೆ ಅಂತರ ಇರಲಿ. ಒಟ್ಟಿಗೆ ಬಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಡೋಸ್ ಸಾಲುತ್ತಿಲ್ಲ ಅಂದುಕೊಂಡು ಅದನ್ನೇ ಏರಿಸುತ್ತಾ ಹೋಗುವ ಹಾಗೆ ಆಗುತ್ತದೆ.

ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್‌ಗಳನ್ನು ಮೆಗ್ನೀಷಿಯಂ ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ಸೋಂಕು ವಾಸಿಯಾಗುವುದಿಲ್ಲ. ಆಂಟಿಬಯಾಟಿಕ್ ತೆಗೆದುಕೊಳ್ಳುವ ಆ ಐದಾರು ದಿನ ಮೆಗ್ನೀಷಿಯಂ ನಿಲ್ಲಿಸಿಬಿಡುವುದೇ ಸುಲಭ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್‌ಗೂ ಎರಡು ಗಂಟೆ ಅಂತರ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಬೇರೆ ಹೊತ್ತಿಗೆ ಇಡಿ.

ಇನ್ನು ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ಬೆಳಗ್ಗೆ ಎದ್ದ ಕೂಡಲೇ ಕಾಫಿಗಿಂತ ಮೊದಲು ನುಂಗುವವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಜನ. ಡಾಕ್ಟರ್ ಹದಿನೈದು ದಿನಕ್ಕೆ ಬರೆದದ್ದು ಐದು ವರ್ಷ ನಡೆಯುತ್ತಿರುತ್ತದೆ, ಮೆಡಿಕಲ್ ಶಾಪಿನವರು ಕೇಳದೆ ಕೊಡುತ್ತಾರೆ. ಈ ಗುಂಪಿನ ಔಷಧಗಳನ್ನು ಬಹಳ ಕಾಲ, ಅದರಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡರೆ ರಕ್ತದ ಮೆಗ್ನೀಷಿಯಂ ಇಳಿಯಬಹುದು ಅಂತ ಅಮೆರಿಕದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿದೆ. ಕೆಲವರಿಗೆ ಮೆಗ್ನೀಷಿಯಂ ಕೊಟ್ಟರೂ ಏರಲಿಲ್ಲ, ಗ್ಯಾಸ್ ಮಾತ್ರೆ ನಿಲ್ಲಿಸಬೇಕಾಯಿತು. ನೀವು ಈ ಗುಂಪಿನವರಾಗಿದ್ದರೆ ಹೊಸ ಮಾತ್ರೆ ಸೇರಿಸುವ ಮೊದಲು ಹಳೇದು ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ಬಿಪಿಗೆ, ಕಾಲು ಊತಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ ಎರಡು ಥರ. ಫ್ಯೂರೊಸೆಮೈಡ್, ಹೈಡ್ರೊಕ್ಲೋರೊಥಯಜೈಡ್ ಮೆಗ್ನೀಷಿಯಂ ಹೊರಗೆ ಹಾಕುತ್ತವೆ. ಸ್ಪಿರೊನೊಲ್ಯಾಕ್ಟೋನ್ ಉಳಿಸಿಕೊಳ್ಳುತ್ತದೆ. ಯಾವುದು ನಿಮ್ಮದು ಅಂತ ಗೊತ್ತಿಲ್ಲದೆ ಮುಂದುವರಿಯಬೇಡಿ.

ಯಾರು ಮುಟ್ಟಲೇಬಾರದು?

ಕಿಡ್ನಿ ಕೆಲಸ ಕುಗ್ಗಿದವರು. ಹೆಚ್ಚಾದ ಮೆಗ್ನೀಷಿಯಂ ಹೊರಹಾಕುವುದು ಕಿಡ್ನಿ. ಅದು ಸೋತರೆ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಮೊದಲು ವಾಕರಿಕೆ, ಮಂಪರು, ಕೈಕಾಲು ಸೋಲುವುದು, ಬಿಪಿ ಬೀಳುವುದು. ಮುಂದೆ ಹೋದರೆ ಉಸಿರಾಟ, ಹೃದಯದ ಬಡಿತವೇ ನಿಧಾನವಾಗುತ್ತದೆ. ಬಹಳ ವರ್ಷದಿಂದ ಶುಗರ್, ಬಿಪಿ ಇರುವವರಿಗೆ ಕಿಡ್ನಿ ಕುಗ್ಗಿದ್ದು ಗೊತ್ತೇ ಆಗಿರುವುದಿಲ್ಲ. ಅಂಥವರು ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಿ. ಡೈಜಿನ್ ಥರದ ಆಂಟಾಸಿಡ್‌ನಲ್ಲೂ ಮೆಗ್ನೀಷಿಯಂ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೃದಯದ ಬಡಿತ ನಿಧಾನ ಇರುವವರು, ಹಾರ್ಟ್ ಬ್ಲಾಕ್ (ರಕ್ತನಾಳದ ಅಡಚಣೆ ಅಲ್ಲ, ಹೃದಯ ಬಡಿಸುವ ವಿದ್ಯುತ್ ಸಂದೇಶಕ್ಕೆ ಬರುವ ತಡೆ) ಅಂತ ಹೇಳಿಸಿಕೊಂಡವರು, ಸ್ನಾಯು ಸೋಲುವ ಮಯಸ್ತೇನಿಯಾ ಕಾಯಿಲೆಯವರು, ಬಸುರಿಯರು, ಹಾಲೂಡಿಸುವವರು ಸ್ವಂತ ತೀರ್ಮಾನದಲ್ಲಿ ಶುರು ಮಾಡಬೇಡಿ. ಅಪ್ಪ-ಅಮ್ಮ ತಗೊಳ್ಳುವ ಮಾತ್ರೆಯನ್ನು ಆಟವಾಡಿ ಸುಸ್ತಾದ ಮಗುವಿಗೆ ಅರ್ಧ ಮುರಿದು ಕೊಡುವುದೂ ಬೇಡ.

ಮೊದಲು ರಕ್ತ ಪರೀಕ್ಷೆ ಮಾಡಿಸಬೇಕಾ?

ಎಲ್ಲರಿಗೂ ಬೇಕಿಲ್ಲ. ಸೀರಂ ಮೆಗ್ನೀಷಿಯಂ (ರಕ್ತದಲ್ಲಿನ ಮಟ್ಟ) ಸಾಮಾನ್ಯವಾಗಿ ಡೆಸಿಲೀಟರಿಗೆ, ಅಂದರೆ 100 ಮಿ.ಲೀ.ಗೆ, 1.7ರಿಂದ 2.2 ಮಿ.ಗ್ರಾಂ ನಡುವೆ ಇರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ. ರಕ್ತದಲ್ಲಿ ಇರುವುದೇ ಒಂದು ಭಾಗಕ್ಕಿಂತ ಕಡಿಮೆ ಅಂದೆನಲ್ಲ, ಅದು ಇಳಿದರೆ ದೇಹ ಮೂಳೆಯಿಂದ ತೆಗೆದು ಸರಿದೂಗಿಸುತ್ತದೆ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದರೂ ಒಳಗೆ ಸ್ವಲ್ಪ ಕೊರತೆ ಇರಬಹುದು. ಕಡಿಮೆ ಬಂದರೆ ಮಾತ್ರ ಅದು ನಿಜವಾದ ವಿಷಯ, ಕಾರಣ ಹುಡುಕಲೇಬೇಕು. ಬಹಳ ದಿನದ ಭೇದಿ, ಕುಡಿತ, ಹತೋಟಿಯಲ್ಲಿಲ್ಲದ ಶುಗರ್, ವರ್ಷಗಟ್ಟಲೆ ಗ್ಯಾಸ್ ಮಾತ್ರೆ ಇರುವವರು ಪರೀಕ್ಷೆ ಮಾಡಿಸಿದರೆ ಅರ್ಥವಿದೆ.

ಬಿಸಿನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ಇಟ್ಟರೆ ಹೀರಿಕೊಳ್ಳುತ್ತಾ?

ಎಪ್ಸಮ್ ಅನ್ನುವುದು ಇಂಗ್ಲೆಂಡಿನ ಒಂದು ಊರು, ಅಲ್ಲಿನ ಬುಗ್ಗೆಯ ಕಹಿ ನೀರಿನಿಂದ ಈ ಹೆಸರು. ವಸ್ತು ಮೆಗ್ನೀಷಿಯಂ ಸಲ್ಫೇಟ್. ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಒಳಗೆ ಹೋಗುತ್ತದೆ ಅನ್ನಲು ಒಳ್ಳೆಯ ಆಧಾರ ಇಲ್ಲ. ಹಿತವಾಗುವುದು ಬಿಸಿನೀರಿಗೆ. ಶುಗರ್‌ನಿಂದ ಪಾದದ ಸ್ಪರ್ಶ ಕಮ್ಮಿಯಾದವರು ಬಿಸಿನೀರಿನ ವಿಷಯದಲ್ಲಿ ಜೋಪಾನ.

ಮಲೆನಾಡಿನ ಓದುಗರಿಗೆ ಇದು ಹೊಸದಲ್ಲ. ಅಡಿಕೆ ಗಿಡದ ಎಲೆ ಹಳದಿಯಾದಾಗ ಗೊಬ್ಬರದ ಅಂಗಡಿಯಿಂದ ತಂದು ಹಾಕುವ ಮೆಗ್ನೀಷಿಯಂ ಸಲ್ಫೇಟ್ ಇದೇ. ಎಲೆಯ ಹಸಿರಿನ ನಟ್ಟನಡುವೆ ಇರುವುದೂ ಮೆಗ್ನೀಷಿಯಂ ಪರಮಾಣುವೇ. ಹೇಗೂ ಅದೇ ವಸ್ತು ಅಂತ ಗೊಬ್ಬರದ ಚೀಲದಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಬೇಡಿ. ಅದು ತಿನ್ನುವ ಗುಣಮಟ್ಟದ್ದಲ್ಲ, ಬೇರೆ ಏನೇನು ಸೇರಿರುತ್ತದೋ ಯಾರು ನೋಡಿದ್ದಾರೆ.

ಸ್ಪರ್ಧೆಗೆ ಹೋಗುವವರಿಗೆ ಡೋಪಿಂಗ್ ಭಯ ಇದೆಯಾ?

ಮೆಗ್ನೀಷಿಯಂ ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಭಯ ಇರುವುದು ಕಲಬೆರಕೆಯದು. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವವರು ಇನ್‌ಫಾರ್ಮ್ಡ್ ಸ್ಪೋರ್ಟ್ ಥರದ ಬ್ಯಾಚ್ ಪರೀಕ್ಷೆ ಆದದ್ದನ್ನೇ ಕೊಳ್ಳಿ, ಡಬ್ಬಿಯ ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳಿ. ಹತ್ತಾರು ಪದಾರ್ಥ ಬೆರೆಸಿದ ‘ರಿಕವರಿ ಬ್ಲೆಂಡ್’ಗಳಿಂದ ದೂರ ಇರಿ.

ಎಷ್ಟು ದಿನ ತೆಗೆದುಕೊಂಡು ನೋಡಬೇಕು?

ಎರಡು ತಿಂಗಳು ಸಾಕು. ಶುರು ಮಾಡುವ ಮೊದಲು ನಿಮಗೆ ಏನು ಸರಿಯಾಗಬೇಕು ಅಂತ ಒಂದೇ ಒಂದು ವಿಷಯ ಬರೆದಿಡಿ: ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಉದ್ದ ಓಟದ ಮರುದಿನ ಮೆಟ್ಟಿಲು ಇಳಿಯುವುದು ಎಷ್ಟು ಕಷ್ಟ, ಹೀಗೆ. ಅದೇ ಸಮಯಕ್ಕೆ ಹೊಸ ಶೂ, ಹೊಸ ಕೋಚ್, ಅಶ್ವಗಂಧ ಎಲ್ಲಾ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು. ಎರಡು ತಿಂಗಳಾದ ಮೇಲೆ ಮೂರು ವಾರ ನಿಲ್ಲಿಸಿ. ವ್ಯತ್ಯಾಸ ಕಾಣದಿದ್ದರೆ ಮುಂದಿನ ಡಬ್ಬಿ ತರಬೇಡಿ. ಕಂಡರೆ, ಮುದ್ದೆ-ಕಾಳು-ಸೊಪ್ಪು ಹೆಚ್ಚಿಸಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ ನೋಡಿ. ಅಷ್ಟರಲ್ಲೇ ಸಾಕಾಗುವವರು ತುಂಬಾ ಜನ ಇದ್ದಾರೆ.